ಹೊಸ್ತಿಲಿನ ಆಚೆ ಅಕ್ಕ, ಈಚೆ ಕಂಪ್ಯೂಟರು

ನಾನು ಐದನೇ ಕ್ಲಾಸಿನಲ್ಲಿದ್ದಾಗ ವಂಡ್ಸೆ ಕಡೆಯ ನಮ್ಮ ಕೇರಿಯಲ್ಲಿ ಕಂಪ್ಯೂಟರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಗ್ಯಾಸ್ ಒಲೆ ಇರಲಿಲ್ಲ, ಫೋನು ಇರಲಿಲ್ಲ, ಅಪ್ಪಯ್ಯನೂ ಇರಲಿಲ್ಲ. ಕಂಪ್ಯೂಟರು ಇತ್ತು. ಮುಂಬೈಯಲ್ಲಿ ತಾವು ಕೆಲಸಕ್ಕಿದ್ದ ಆಫೀಸಿನವರು ಹಳತನ್ನು ತೆಗೆದು ಹಾಕುವಾಗ ಮಾವ ಕೇಳಿ ಪಡೆದು, ಹಾಸಿಗೆಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿ ತಂದಿದ್ದರು. ಅಜ್ಜಿ ಅದನ್ನು ಚಾವಡಿಯಲ್ಲಿ ದೇವರ ಮಣೆಯ ಪಕ್ಕದಲ್ಲೇ ಇಡಿಸಿದರು. "ಸರಸ್ವತಿ ಅಲ್ದಾ ಅದ್" ಎಂದು ಕುಂಕುಮ ಹಚ್ಚಿದರು.

ಅಕ್ಕ ಪಿಯುಸಿ ಮುಗಿಸಿ ಕುಂದಾಪುರದಲ್ಲಿ ಟೈಪಿಂಗ್ ಕಲಿತಿದ್ದಳು. ಹತ್ತೂ ಬೆರಳು ಆಡಿಸುವಳು, ಕೀಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಕಲ್ಲಾಟ ಆಡುತ್ತಿದ್ದರೆ ಆ ಟಕಟಕ ಸದ್ದು ಹಂಚಿನ ಮೇಲೆ ಬೀಳುವ ಮಳೆಯೊಂದಿಗೆ ಸೇರಿಹೋಗುತ್ತಿತ್ತು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ಏನು ಬಂದರೂ ಟೈಪ್ ಮಾಡಿ ಫ್ಲಾಪಿಯಲ್ಲಿ ಹಾಕಿ ಕುಂದಾಪುರದ ಪ್ರೆಸ್ಸಿಗೆ ಕೊಟ್ಟು ಬರುತ್ತಿದ್ದಳು.

ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಕೈಗೆ ಬೂದಿ ಹಚ್ಚಿಕೊಂಡರೂ ಬೀಜದ ಎಣ್ಣೆ ತಾಗಿ ಬೆರಳೆಲ್ಲ ಕಪ್ಪಾಗಿ ಸುಲಿದಿರುತ್ತಿತ್ತು. ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುವಾಗ ಉರಿಗೆ ಮುಖ ಕಿವುಚುತ್ತಿದ್ದರು. ಮಾವ ಊರಿಗೆ ಬಂದಾಗೊಮ್ಮೆ ಅಕ್ಕನಿಗೆ ಒಂದೇ ಮಾತು: "ಈ ಕಂಪ್ಯೂಟರಿಂದ ಸಮಾ ಕೆಲ್ಸ ಸಿಕ್ರೆ ಆಯ್ತ್. ಇಲ್ದಿರೆ ನೀನೂ ಅಮ್ಮನ ಒಟ್ಟಿಗ್ ಬೀಜ ಒಡೂಕ್ ಹೋಯ್ಕ್, ಮತ್ತೆಂತ ಮಾಡೂದ್?" ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಎರಡು ಮನೆ ನೋಡಿಕೊಳ್ಳುವವರ ಸುಸ್ತು, ಅಷ್ಟೆ.

ಆ ವರ್ಷ ಸೋಣೆ ತಿಂಗಳಿನಲ್ಲಿ, ಶ್ರಾವಣದ ಮಳೆಯ ಹೊತ್ತಿಗೆ, ಅಕ್ಕನಿಗೆ ದೊಡ್ಡ ಕೆಲಸ ಬಂತು. ಒಂದು ಶಾಲೆಯ ಸ್ಮರಣ ಸಂಚಿಕೆ, ಇಡೀ ಪುಸ್ತಕ. ಚಂದ ಮಾಡಿಕೊಟ್ಟರೆ ಪ್ರೆಸ್ಸಿನಲ್ಲೇ ಕಾಯಂ ಕೆಲಸ ಕೊಡುತ್ತೇವೆ ಎಂದಿದ್ದರು. ಇಪ್ಪತ್ತು ದಿನ ಕೂತು ಟೈಪ್ ಮಾಡಿದಳು. ಶನಿವಾರ ಸಂಜೆಯೊಳಗೆ ಕೊಡಬೇಕು. ಶುಕ್ರವಾರ ಬೆಳಿಗ್ಗೆ ಅಕ್ಕ ಹೊರಗಾದಳು.

ಓದುವ ಅಕ್ಕತಂಗಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂರು ದಿನ ಜಗಲಿಯ ಮೂಲೆ, ಬೇರೆ ಚಾಪೆ, ಬೇರೆ ಬಟ್ಟಲು. ಅದರಲ್ಲೂ ಸೋಣೆ ತಿಂಗಳೆಂದರೆ ನಮ್ಮಲ್ಲಿ ದಿನಾ ಹೊಸ್ತಿಲು ಪೂಜೆ. ಅಜ್ಜಿ ಅರಿಶಿನದ ಗೆರೆ ಎಳೆದು ಹೂವಿಟ್ಟ ಹೊಸ್ತಿಲನ್ನು ಅಕ್ಕ ದಾಟುವ ಪ್ರಶ್ನೆಯೇ ಇರಲಿಲ್ಲ. ಟೈಪಿಂಗ್ ಹೇಗೂ ಮುಗಿದಿತ್ತು, ಎಲ್ಲವನ್ನೂ ಫ್ಲಾಪಿಗೆ ಹಾಕುವುದೊಂದು ಬಾಕಿ. "ನಾ ಇಲ್ಲಿಂದ್ಲೇ ಹೇಳ್ತೆ, ನೀ ಮಾಡ್" ಎಂದಳು.

ಶನಿವಾರ ಬೆಳಿಗ್ಗೆ ಅಕ್ಕ ಬಟ್ಟೆ ಒಗೆಯಲು ತೋಡಿನ ಕಡೆ ಹೋಗಿದ್ದಾಗ, ಅವಳು ಬರುವುದರೊಳಗೆ ತಯಾರು ಮಾಡಿಡೋಣವೆಂದು ನಾನೇ ಗುಂಡಿ ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು. ಪೆಟ್ಟಿಗೆ ಮಾತ್ರ ಉದ್ದಕ್ಕೆ ಮೂರು ಸಲ ಕೂಗಿತು. ನಾನು ಮುಟ್ಟಿದ್ದಕ್ಕೇ ಹಾಳಾಯಿತೆಂದು ಹೆದರಿ ಗುಂಡಿ ಆರಿಸಿದೆ.

ದೇವಸ್ಥಾನದಿಂದ ಅಜ್ಜಿ ತಂದಿಟ್ಟ ಎಳನೀರಿನ ಅಭಿಷೇಕದ ತೀರ್ಥ ದೇವರ ಮಣೆಯ ಮೇಲಿತ್ತು. ಅಮ್ಮನಿಗೆ ಜ್ವರ ಬಂದರೆ ಅದು, ದನ ಹುಲ್ಲು ಬಿಟ್ಟರೆ ಅದು, ನನ್ನ ಪರೀಕ್ಷೆಗೂ ಅದು. ಪೆಟ್ಟಿಗೆಯ ಹಿಂದೆ, ಮೇಲ್ಗಡೆ, ಗಾಳಿ ಹೋಗುವ ತೂತುಗಳಿದ್ದವು. ಅದರೊಳಗೆ ಮೂರು ಚಮಚ ಬಿಟ್ಟು, ಕಣ್ಣು ಮುಚ್ಚಿ ಬೇಡಿಕೊಂಡೆ. ಆಮೇಲೆ ತೀರ್ಥದ ಗಿಂಡಿಯನ್ನು ಇದ್ದಲ್ಲೇ ಇಟ್ಟೆ.

ಅಷ್ಟರಲ್ಲಿ ಅಕ್ಕ ಜಗಲಿಗೆ ಬಂದಳು.

"ಶುರು ಆಯ್ತಾ ಹೆಣೆ?"

"ಇಲ್ಲೆ. ಕೂಗ್ತ್."

"ಎಷ್ಟ್ ಸಲ?"

"ಮೂರ್. ಉದ್ದುದ್ದ."

ಅಕ್ಕನ ಮುಖ ಸಡಿಲವಾಯಿತು. "ಹಾಂಗಾರೆ ಹೆದ್ರ್ಬೇಡ. ಮೆಮೊರಿ ಪಟ್ಟಿ ಮಳೆಗಾಲಕ್ಕ್ ಬೂಷ್ಟ್ ಹಿಡಿತ್ತ್. ಉಜ್ಜಿ ಹಾಕ್ರೆ ಸಮಾ ಆತ್ತ್. ಮೊದ್ಲ್ ವಯರ್ ತೆಗಿ. ನಿನ್ನ ರಬ್ಬರ್ ತಕಂಡ್ ಬಾ."

ಅಜ್ಜಿ ಹೊಸ್ತಿಲ ಬಳಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. "ಒಬ್ಳ್ ಹೊರ್ಗ್, ಒಬ್ಳ್ ಒಳ್ಗ್. ಭಾರೀ ಡಾಕ್ಟ್ರ್‌ಗಳ್, ಆಪರೇಶನ್ ಮಾಡ್ತ್ರ್" ಎಂದರು.

"ಅಜ್ಜಿ, ನೀವ್ ಬಾಯ್ ಮುಚ್ಕಂಡ್ ಕೂಕಂಡ್ರೆ ರೋಗಿ ಬದ್ಕತ್" ಎಂದಳು ಅಕ್ಕ. ಅಜ್ಜಿಯೂ ನಕ್ಕರು. ಆ ಬೆಳಿಗ್ಗೆ ನಾವು ನಕ್ಕದ್ದು ನನಗೆ ನೆನಪಿದೆ.

ಅಕ್ಕ ಅಂಗಳದಿಂದ ತೆಂಗಿನ ಗರಿಯ ತುಂಡೊಂದನ್ನು ತಂದು, ಅದೇ ಮೆಮೊರಿ ಪಟ್ಟಿಯೆಂಬಂತೆ ಹಿಡಿದು ತೋರಿಸಿದಳು. ಎರಡೂ ಕಡೆಯ ಕಿವಿಯನ್ನು ಹೀಗೆ ಅಗಲಿಸು, ಹೀಗೆ ನೆಟ್ಟಗೆ ಎತ್ತು. ನಾನು ಚಮಚದ ಹಿಡಿಯಿಂದ ಸ್ಕ್ರೂ ತಿರುಗಿಸಿ ಮುಚ್ಚಳ ತೆಗೆದೆ. ಒಳಗೆ ಹಸಿರು ಹಲಗೆಯ ಮೇಲೆ ನಾಲ್ಕೈದು ಹನಿಗಳು ಹೊಳೆಯುತ್ತಿದ್ದವು. ಲಂಗದ ತುದಿಯಿಂದ ಒರೆಸಿಬಿಟ್ಟೆ. ಕರೆಂಟು ಬರುವ ತಗಡಿನ ಡಬ್ಬ ಮೇಲ್ಗಡೆ ಮುಚ್ಚಿಕೊಂಡಿತ್ತು. ಅದರೊಳಗೆ ಏನಿದೆಯೋ ಕಾಣುತ್ತಿರಲಿಲ್ಲ.

ಪಟ್ಟಿಯ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ. ಕಪ್ಪು ಕಪ್ಪು ಕೊಳೆ ಬಂತು.

"ಬಂತಾ ಕೊಳಿ? ಅದೇ ಕಾಯ್ಲೆ. ಈಗ ವಾಪಾಸ್ ಒತ್ತ್. ಟಕ್ ಅಂದ್ಕ್."

ಟಕ್ ಎಂದಿತು.

ವಯರು ಹಾಕುವ ಮುಂಚೆ ಅಕ್ಕ ತಡೆದಳು. "ನಿಲ್ಲ್. ಒಳ್ಗ್ ಎಲ್ಲಾರೂ ಪಸೆ ಇತ್ತಾ ಕಾಣ್. ನೀರ್ ಬಿದ್ದದ್ದ್ ಗಿದ್ದದ್ದ್?"

"ಇಲ್ಲೆ."

"ಸಮಾ ಕಾಣ್. ಪಸೆ ಇದ್ರೆ ಇವತ್ತ್ ಹಾಕುಕಾಗ. ಒಲೆ ಬದಿಯಂಗ್ ಎರಡ್ ದಿನ ಒಣ್ಗ್ಸುವ. ಪ್ರೆಸ್ಸಿನರಿಗ್ ನಾ ಹೇಳ್ತೆ, ಕಾಯ್ತ್ರ್."

ಈಗಲೂ ಒಲೆಯ ಮುಂದೆ ಒಬ್ಬಳೇ ನಿಂತಾಗ ನಾನು ಮನಸ್ಸಿನಲ್ಲಿ ಆ ಕ್ಷಣಕ್ಕೇ ಹೋಗಿ ನಿಲ್ಲುತ್ತೇನೆ. ನಿಜ ಹೇಳುವ ದಾರಿಯನ್ನು ಅವಳೇ ತೆರೆದುಕೊಟ್ಟಿದ್ದಳು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಸ್ನಾನ ಮಾಡದೆ ತೀರ್ಥ ಮುಟ್ಟಿದ್ದು ಗೊತ್ತಾದರೆ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ, ತೀರ್ಥವನ್ನು ನಾನು ನೀರೆಂದು ಎಣಿಸಿರಲೇ ಇಲ್ಲ. ಅದರಿಂದ ಕೇಡಾಗುತ್ತದೆಂದು ನಂಬುವುದಾದರೂ ಹೇಗೆ?

"ಇಲ್ಲೆ ಅಂದೆ ಅಲ್ದಾ ಅಕ್ಕ" ಎಂದೆ. ಗುಂಡಿ ಒತ್ತಿದೆ.

ಟಪ್ ಎಂದು ಸಿಡಿಯಿತು. ಕೂದಲೂ ರಬ್ಬರೂ ಒಟ್ಟಿಗೆ ಸುಟ್ಟಂಥ ವಾಸನೆ, ಹಿಂದಿನಿಂದ ಹೊಗೆ. ಮನೆಯ ಫ್ಯೂಸೂ ಹೋಯಿತು. ನನಗೆ ಶಾಕ್ ಹೊಡೆಯಲಿಲ್ಲ, ಆ ಉಪಕಾರಕ್ಕೆ ಇಂದಿಗೂ ದೇವರಿಗೆ ಕೈ ಮುಗಿಯುತ್ತೇನೆ.

"ವಯರ್ ಕೀಳ್!" ಎಂದು ಕೂಗುತ್ತ ಅಕ್ಕ ಬಾಗಿಲಿಗೆ ಓಡಿ ಬಂದಳು. ಒಂದು ಕಾಲು ಎತ್ತಿಯೇ ಬಿಟ್ಟಿದ್ದಳು. ಅಜ್ಜಿ "ಹ್ವಾಯ್!" ಎಂದರು, ಅಷ್ಟೆ. ಎತ್ತಿದ ಕಾಲನ್ನು ಅಕ್ಕ ಜಗಲಿಗೇ ಇಳಿಸಿದಳು. ಅರಿಶಿನದ ಗೆರೆ ಅಳಿಸಲಿಲ್ಲ.

ಉಳಿದ ಎರಡು ದಿನ ಅವಳು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಪತ್ರೊಡೆ ತಟ್ಟೆಯಲ್ಲಿ ಹಾಕಿ ದೂರದಿಂದ ನೂಕಿದರೆ, ನಾಯಿಗೆ ಹಾಕಿದಳು. ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ ಬಂದವಳೇ ಪೆಟ್ಟಿಗೆ ಬಿಚ್ಚಿ ಒಬ್ಬಳೇ ಬಹಳ ಹೊತ್ತು ಕೂತಳು. ಕುಂದಾಪುರಕ್ಕೆ ಒಯ್ದರೆ ರಿಪೇರಿಯವರು ಬೋರ್ಡು, ಡಿಸ್ಕು ಎರಡೂ ಹೋಗಿವೆ ಎಂದರು. ಇಪ್ಪತ್ತು ದಿನದ ಟೈಪಿಂಗೂ ಅದರ ಜೊತೆಗೇ ಹೋಯಿತು. ಪ್ರೆಸ್ಸಿನವರು ಬೇರೆಯವರನ್ನು ನೋಡಿಕೊಂಡರು. "ಕರೆಂಟ್ ಜಾಸ್ತಿ ಬಂದ್ ಸುಟ್ಟ್ ಹೋಯ್ತ್" ಎಂದು ಅಕ್ಕ ಮನೆಯವರಿಗೂ ಮಾವನಿಗೂ ಹೇಳಿದಳು. ಮುಂದಿನ ವಾರ ಅಮ್ಮನ ಹಿಂದೆ ಬುತ್ತಿ ಹಿಡಿದು ಬೀಜದ ಕಾರ್ಖಾನೆಗೆ ನಡೆದಳು.

ಈಗ ನಾನು ಸಾಲಿಗ್ರಾಮದ ಹತ್ತಿರ ಸಂಸಾರಸ್ಥೆ. ಸೋಣೆಯಲ್ಲಿ ಹೊಸ್ತಿಲು ಪೂಜೆ ಬಿಟ್ಟಿಲ್ಲ, ಆದರೆ ನನ್ನ ಮಗಳನ್ನು ಹೊರಗೆ ಕೂರಿಸುವುದಿಲ್ಲ. ದೇವರು ಅದಕ್ಕೆ ಮುನಿದದ್ದು ನಾನು ಕಂಡಿಲ್ಲ. ಅಮ್ಮ ಅಕ್ಕನ ಕೈಯಿಂದಲೇ ಕೊನೆಯ ಗುಟುಕು ನೀರು ಕುಡಿದು ಹೋದರು. ಇಂಥ ಸಮಾಧಾನಗಳನ್ನೆಲ್ಲ ಎಣಿಸಿಟ್ಟುಕೊಳ್ಳುವುದು ನನಗೆ ಅಭ್ಯಾಸ. ಆದರೆ ಆ ಶನಿವಾರದ ಮಾತನ್ನು ಮಾತ್ರ ಅಕ್ಕನ ಹತ್ತಿರ ಎತ್ತುವ ಧೈರ್ಯ ನನಗೆ ಬಂದಿರಲಿಲ್ಲ.

ಮೊನ್ನೆ ಮೊನ್ನೆ ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡಲು ಅವಳ ಜೊತೆ ಹೋಗಿದ್ದೆ. ಅಲ್ಲಿನ ಹುಡುಗಿ ಸಣ್ಣ ಗಾಜಿನ ಮೇಲೆ ಬೆರಳಿಡಿ ಎಂದಳು. ಅಕ್ಕ ಇಟ್ಟಳು. ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. ಒರೆಸಿ ಇಟ್ಟಳು, ಆಗಲಿಲ್ಲ. ಬೀಜದ ಎಣ್ಣೆ ತಿಂದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಅವತ್ತ್ ಆ ಕರೆಂಟಿನ ಡಬ್ಬದ ಒಳ್ಗ್ ಒಂದ್ ತುಳ್ಸಿ ಎಲಿ ಇದ್ದಿತ್ತ್ ಹೆಣೆ."

ಕೇಳಿಯೇ ಬಿಟ್ಟೆ. "ಗೊತ್ತಿದ್ದಿತ್ತಾ ನಿಂಗ್? ಅಜ್ಜಿ ಹತ್ರ ಹೇಳ್ಲಿಲ್ಲ್ಯಲೆ?"

"ಹೇಳಿ ಎಂತ ಮಾಡೂದ್? ಪೆಟ್ಟಿಗಿ ಹೋಯಿ ಆಯ್ತಲೆ, ನಿಂಗೂ ಹೊಡ್ಸುದಾ?"

"ಎಲಿ ಎಂತ ಮಾಡ್ದೆ?"

"ದೇವ್ರದ್ದಲ್ದಾ, ಬಿಸಾಡುಕಾತ್ತಾ? ಬಾಯಿಗ್ ಹಾಯ್ಕಂಡೆ."

"ಬೇರೆ ಬೆರಳು ಕೊಡಿ ಅಮ್ಮ" ಎಂದಳು ಹುಡುಗಿ. ಅಕ್ಕ ಒಂದಾದ ಮೇಲೆ ಒಂದರಂತೆ ಹತ್ತೂ ಬೆರಳುಗಳನ್ನು ಇಟ್ಟಳು.