ಜಲ್ಲಿ ರಾಶಿಯ ಮೇಲೆ ಕೂತ ದುರ್ಗವ್ವ

ಮಾಕಳಿಯ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿರುವ ದುರ್ಗವ್ವ ಲಿಂಗಸೂಗೂರು ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಗಾರೆ ಕೆಲಸ. ತುಮಕೂರು ರಸ್ತೆಯ ಎಷ್ಟು ಫ್ಯಾಕ್ಟರಿಗಳ ಪಾಯಕ್ಕೆ ಜಲ್ಲಿ ಹೊತ್ತಿದ್ದಾಳೋ ಅವಳಿಗೇ ಗೊತ್ತಿಲ್ಲ. ಹೊತ್ತಿದ್ದಷ್ಟೇ, ಕೂತಿದ್ದಿಲ್ಲ; ರಾಶಿಯ ಮೇಲೆ ಯಾರಾದರೂ ಕೂತರೆ ಹರಡಿಹೋಗುತ್ತದೆಂದು ಮೇಸ್ತ್ರಿ ಹರಿಹಾಯುತ್ತಿದ್ದ.

ಅವಳ ತಮ್ಮ ಬಸಲಿಂಗ ಒಂದು ಸಂಜೆ ಟೀ ಅಂಗಡಿಯ ಮುಂದೆ ನಿಂತಿದ್ದ. ಅದೇ ತಪ್ಪು. ಯಾವುದೋ ಬೈಕ್ ಕಳವಿನ ಹೆಸರಲ್ಲಿ ಪೊಲೀಸರು ಎತ್ತಿಕೊಂಡು ಹೋಗಿ, ಕೈ ಮುರಿದು ಮನೆಗೆ ಕಳಿಸಿದರು. ಠಾಣೆಯ ಹೆಸರು ಬೇಡ ಬಿಡಿ. ದೂರು ಕೊಡಲು ಹೋದರೆ "ಎಲ್ಲೋ ಬಿದ್ದಿರ್ತಾನೆ, ಹೋಗಮ್ಮ" ಎಂದರು. ದುರ್ಗವ್ವನಿಗೆ ಮೈಯೆಲ್ಲ ಉರಿದುಹೋಯಿತು. ಕಾರ್ಮಿಕ ಸಂಘದ ಪದ್ಮಾವತಿ ಮೇಡಂ ಮೇಲಿನವರಿಂದ ಅನುಮತಿ ಪಡೆದು, ಗಾರೆ ಕೆಲಸದ ಗಂಡಸರು ಹೆಂಗಸರನ್ನೆಲ್ಲ ಸೇರಿಸಿ ಠಾಣೆಯ ಎದುರು ಧರಣಿ ಹೂಡಿದರು.

ಮಧ್ಯಾಹ್ನದ ತನಕ ಘೋಷಣೆ ಕೂಗಿದರೂ ಒಳಗಿನಿಂದ ಒಂದು ನರಪಿಳ್ಳೆಯೂ ಹೊರಬರಲಿಲ್ಲ. ಗಂಡಸರ ತಾಳ್ಮೆ ಕೆಟ್ಟಿತು. ಚರಂಡಿ ಕೆಲಸಕ್ಕೆಂದು ಸುರಿದ ಜಲ್ಲಿ ಪಕ್ಕದಲ್ಲೇ ಇತ್ತು. ಮೊದಲ ಕಲ್ಲು ಎತ್ತಿಕೊಂಡವನು ಬೇರಾರೂ ಅಲ್ಲ, ದುರ್ಗವ್ವನ ಗಂಡ ಅಮರಪ್ಪ.

ದುರ್ಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಹೋಗಿ ರಾಶಿಯ ಮೇಲೆ ಕೂತುಬಿಟ್ಟಳು. "ಬರ್ರೆ, ಎಲ್ಲಾರೂ ಇಲ್ಲೇ ಕುಂದರ್ರಿ!" ಜಲ್ಲಿ ಹೊರುವ ಹೆಂಗಸರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ರಾಶಿ ಮುಚ್ಚಿಹೋಯಿತು.

"ಏಳಲೇ ದುರ್ಗಿ, ನಿನ್ನ ತಮ್ಮನ ಸಲುವಾಗೇ ಮಾಡಾಕತ್ತೀನಿ," ಎಂದು ಅಮರಪ್ಪ ಗುಡುಗಿದ.

"ಅದಕ್ಕ ಬ್ಯಾಡ ಅನ್ನಾಕತ್ತೀನಿ. ಒಂದು ಕಲ್ಲು ಒಗದ್ರ ನಾಳೆ ಟೀವ್ಯಾಗ ಬರೇ ಆ ಕಲ್ಲು ಕಾಣ್ತದ, ಬಸಲಿಂಗನ ಕೈ ಯಾರಿಗೂ ಕಾಣಂಗಿಲ್ಲ. ನಿಮ್ಮನ್ನ ಒಳಗ ಹಾಕ್ತಾರ, ಹೊಡದಾಂವ ಆರಾಮ ಮನೀಗೆ ಹೋಗ್ತಾನ."

ಅಮರಪ್ಪ ಮುಖ ಊದಿಸಿಕೊಂಡು ನಿಂತ. ಕಲ್ಲು ಮಾತ್ರ ಬಿಡಲಿಲ್ಲ. ದುರ್ಗವ್ವನಿಗೇನು ಸಿಟ್ಟು ಕಡಿಮೆ ಇತ್ತೇ? ಅವಳು ಕೂತಿದ್ದೇ ಕಲ್ಲಿನ ಮೇಲೆ. ಬಿಸಿಲಿಗೆ ಕಾದ ಜಲ್ಲಿ ಸೀರೆಯೊಳಗೆ ಚುಚ್ಚುತ್ತಿದ್ದರೂ ಕದಲಲಿಲ್ಲ.

ಇಳಿಹೊತ್ತಿಗೆ ಮೇಲಧಿಕಾರಿಯ ಜೀಪು ಬಂತು. ಗಲಾಟೆ ನಡೆದಿರಬಹುದೆಂದು ಲಾಠಿ ಹಿಡಿದವರನ್ನೂ ಕರೆತಂದಿದ್ದರು. ಚದುರಿಸಲು ಅಲ್ಲಿ ಗಲಾಟೆಯೇ ಇರಲಿಲ್ಲ.

"ಕಂಪ್ಲೇಂಟ್ ತಗೋತೀವಿ, ಏಳಮ್ಮ."

"ಹೊಡದಾವರ ಹೆಸರು ಬರೀರಿ ಸಾಹೇಬ್ರ. ಓದಿ ಹೇಳ್ರಿ. ಆಮ್ಯಾಲ ಏಳ್ತೀನಿ."

ಬರೆದರು. ಓದಿದರು. ಇಬ್ಬರು ಪೇದೆಗಳ ಹೆಸರು ಎಲ್ಲರ ಕಿವಿಗೂ ಬಿತ್ತು.

ಕಾಲು ಜೋಮು ಹಿಡಿದಿದ್ದ ದುರ್ಗವ್ವ ಗಂಡನತ್ತ ಕೈ ಚಾಚಿದಳು. ಅವಳನ್ನು ಎಬ್ಬಿಸಲು ಅಮರಪ್ಪ ಮುಷ್ಟಿ ಬಿಚ್ಚಲೇಬೇಕಾಯಿತು. ಕಲ್ಲು ರಾಶಿಗೆ ಬಿತ್ತು.