ದ್ರಾಕ್ಷಿಯ ತೊಟ್ಟು

ಒಣಹಣ್ಣಿನ ಅಂಗಡಿಯ ಹಿಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ನೊಣ ಬಾರದಿರಲೆಂದು ಅದಕ್ಕೂ ಜಾಲರಿ ಬಡಿದಿದ್ದರು. ಅದರ ಕೆಳಗೆ ಹದಿನೆಂಟು ವರ್ಷದಿಂದ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದವಳನ್ನು ಗಿರಾಕಿಗಳು ದ್ರಾಕ್ಷಿಯಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿ ಅವಳ ಅಣ್ಣನದು.

ಯಾವ ಹಣ್ಣು ಯಾರಿಗೆ ಎಂಬುದು ಅವಳಿಗೆ ಬಾಯಿಪಾಠ. ಹೊಟ್ಟೆ ಕಟ್ಟಿದವರಿಗೆ ನೆನೆಸಿದ ಅಂಜೂರ, ದುಡಿದು ಸುಸ್ತಾದವರಿಗೆ ಖರ್ಜೂರ. ಸಕ್ಕರೆ ಕಾಯಿಲೆಯವರು ಬಂದರೆ ಮಾತ್ರ ಒಳಗಿನಿಂದಲೇ ಕೂಗುತ್ತಿದ್ದಳು: "ಒಂದೋ ಎರಡೋ ಸಾಕು ಕಣ್ರೀ! ಹಣ್ಣು ಒಣಗಿದ್ರೆ ಸಿಹಿ ಎಲ್ಲಿಗೂ ಹೋಗಲ್ಲ, ಅಲ್ಲೇ ಗಟ್ಟಿಯಾಗಿ ಕೂತಿರುತ್ತೆ."

"ನನ್ನ ವ್ಯಾಪಾರ ಮಾಡೋಕೆ ಬಿಡ್ತೀಯಾ ಇಲ್ವಾ, ತಾಯಿ?" ಎಂದು ಅಣ್ಣ ನಗುತ್ತಿದ್ದ.

ಊರಾಚೆಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳಲು ಜನ ಬೇಕಾಗಿತ್ತು. ಇರಲು ಕೋಣೆ ಕೊಡುತ್ತಿದ್ದರು, ಕೋಣೆಗೆ ಎರಡು ಕಿಟಕಿ. ಅವಳು ಯಾರಿಗೂ ಹೇಳದೆ ಹೋಗಿ ನೋಡಿ ಬಂದಿದ್ದಳು. ತಿಂಗಳು ಮುಗಿಯುವುದರೊಳಗೆ ಹೋಗಿ ಒಪ್ಪಿಗೆ ಹೇಳಬೇಕಿತ್ತು. ಆದರೆ ಅಪ್ಪ ಅಮ್ಮ ಹೋದ ಮೇಲೆ ಸಾಕಿದ ಅಣ್ಣನೆದುರು 'ಹೋಗ್ತೀನಿ' ಎನ್ನಲು ಅವಳಿಂದ ಆಗುತ್ತಿರಲಿಲ್ಲ. ಇನ್ನು ಸಾಕು ಬಿಡು ಎಂದು ಅವನೇ ಅನ್ನಲಿ ಎಂದುಕೊಂಡು, ಹಿಡಿಗೆ ನಾಲ್ಕು ತೊಟ್ಟು ಬೇಕೆಂದೇ ಬಿಡತೊಡಗಿದಳು. ಬೆರಳು ಒಪ್ಪುತ್ತಿರಲಿಲ್ಲ, ಕೈಯನ್ನು ಮಡಿಲಿಗೆ ಎಳೆದುಕೊಳ್ಳಬೇಕಾಗುತ್ತಿತ್ತು.

ವಾರದೊಳಗೆ ದೂರು ಬಂತು. "ಏನ್ರೀ, ಇದು ದ್ರಾಕ್ಷಿನೋ ಪೊರಕೆ ಕಡ್ಡಿನೋ?" ಎಂದಳು ಬೀದಿಯ ಕೊನೆಯ ಟೈಲರಮ್ಮ. ಅಣ್ಣ ಬೇರೆ ಪೊಟ್ಟಣ ಕಟ್ಟಿಕೊಟ್ಟ. ಒಳಗೆ ಅವಳು ಕಿವಿಗೊಟ್ಟು ಕೂತಿದ್ದಳು.

ಮಾರನೆಯ ಬೆಳಿಗ್ಗೆ, ತಿಂಗಳ ಕೊನೆಯ ದಿನ, ಅವಳು ಕೂರುವ ಮಣೆಯ ನೇರಕ್ಕೆ ಹೊಸ ದೀಪವೊಂದು ತೂಗುತ್ತಿತ್ತು. ಪಕ್ಕದ ಬಟ್ಟಲಿನಲ್ಲಿ ನೀರು ಕುಡಿದು ಉಬ್ಬಿದ ಆರು ಏಪ್ರಿಕಾಟ್.

"ಕಣ್ಣು ಮಂಜಾಗ್ತಿದೆ ಅಂತ ಬಾಯಿಬಿಟ್ಟು ಹೇಳ್ಬಾರ್ದಾ, ಪುಟ್ಟಿ?" ಅಣ್ಣ ಬಾಗಿಲಲ್ಲಿ ನಿಂತಿದ್ದ. "ಕಣ್ಣಿಗೆ ಇದು ಒಳ್ಳೇದು ಅಂತ ಊರಿಗೆಲ್ಲ ಹೇಳೋಳು ನೀನೇ. ನಿನ್ನೆ ಸಂಜೆ ನಾನೇ ನೆನೆಸಿಟ್ಟೆ. ಆ ಮಣೆ ಮೇಲೆ ಬೇರೆ ಯಾರನ್ನಾದ್ರೂ ಕೂರಿಸೋಕೆ ನನ್ನ ಕೈಲಿ ಆಗಲ್ಲಮ್ಮ."

'ಕಣ್ಣು ಚೆನ್ನಾಗೇ ಇದೆ, ಅಣ್ಣಾ' ಎನ್ನಲು ಅವಳು ಬಾಯಿ ತೆರೆದಳು. ತೆರೆದ ಬಾಯಿಗೆ ಅವನು ಒಂದು ಹಣ್ಣಿಟ್ಟ. ಬೀಜವನ್ನೂ ಬಿಡಿಸಿದ್ದ.

ನುಂಗಿದಳು. ದೀಪದ ಬೆಳಕಿನಲ್ಲಿ ಒಂದೊಂದು ತೊಟ್ಟೂ ಎದ್ದು ಕಾಣುತ್ತಿತ್ತು. ಹೊರಗೆ ಹಾಸ್ಟೆಲ್ ಕಡೆಯ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವಳ ಬೆರಳುಗಳು ಆಗಲೇ ತಟ್ಟೆಯೊಳಗಿದ್ದವು. ಆ ದಿನದ ದ್ರಾಕ್ಷಿಯಲ್ಲಿ ಒಂದೂ ತೊಟ್ಟು ಉಳಿಯಲಿಲ್ಲ.