ಎಡಗಾಲಿನ ಅಣ್ಣ, ಬಲಗಾಲಿನ ತಮ್ಮ

೧೯೬೨ರ ಬೇಸಿಗೆಯಲ್ಲಿ ನಾನು ಕೊಳ್ಳೇಗಾಲದ ಬ್ಲಾಕ್ ಆಫೀಸಿಗೆ ಕೈಗಾರಿಕಾ ವಿಸ್ತರಣಾಧಿಕಾರಿಯಾಗಿ ಬಂದೆ. ಹುದ್ದೆಯ ಹೆಸರು ಉದ್ದವಾಗಿದ್ದರೂ ಕೆಲಸ ಇಷ್ಟೇ: ಮಗ್ಗ, ಗಾಣ, ಕುಲುಮೆ, ಚರ್ಮದ ಕೆಲಸ ಇಂಥ ಸಣ್ಣ ಕೈಕಸುಬುಗಳು ಎಲ್ಲಿವೆಯೋ ಅಲ್ಲಿಗೆ ಹೋಗಿ, ಅವರಿಗೆ ಏನು ಬೇಕೆಂದು ಕೇಳಿ, ಸರ್ಕಾರದಿಂದ ಸಿಗುವುದನ್ನು ಕೊಡಿಸುವುದು. ಕೊಳ್ಳೇಗಾಲ ಮೊದಲು ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತ್ತು. ರೇಷ್ಮೆ ನೇಯುವ ಬೀದಿಗಳಲ್ಲಿ ಒಂದೇ ಮಾತು ಕನ್ನಡದಲ್ಲಿ ಹುಟ್ಟಿ ತಮಿಳಿನಲ್ಲಿ ಮುಗಿಯುತ್ತಿತ್ತು. ಮಗ್ಗದ ಊರು ಎಂದುಕೊಂಡು ಬಂದ ನನಗೆ ಅಲ್ಲಿ ಸಿಕ್ಕ ಮರೆಯಲಾಗದ ಪ್ರಕರಣ ಮಾತ್ರ ಷೂಗಳದ್ದು.

ಆಗ ಕೊಳ್ಳೇಗಾಲದಿಂದ ಹನೂರಿನವರೆಗೆ ಆಟವಾಡುವ ಹುಡುಗರು ಒಬ್ಬರನ್ನೊಬ್ಬರು ಕಂಡ ತಕ್ಷಣ ನೋಡುತ್ತಿದ್ದುದು ಮುಖವನ್ನಲ್ಲ, ಕಾಲನ್ನು. ಹಿಮ್ಮಡಿಯ ಮೇಲೆ ಜಿಂಕೆಯ ಗುರುತಿದ್ದರೆ ಅದು ಕೊಳ್ಳೇಗಾಲದ ರಾಚಯ್ಯನವರ ಕಾರ್ಖಾನೆಯದು. ಗರುಡನ ಗುರುತಿದ್ದರೆ ಯಳಂದೂರಿನ ನಂಜುಂಡಯ್ಯನವರದು. ಫುಟ್‌ಬಾಲ್ ಬೂಟು, ಓಟದ ಷೂ, ವಾಲಿಬಾಲಿಗೆ ಕ್ಯಾನ್ವಾಸ್ ಷೂ, ಎಲ್ಲವನ್ನೂ ಇಬ್ಬರೂ ಮಾಡುತ್ತಿದ್ದರು. ಕಾರ್ಖಾನೆ ಎಂದರೆ ಒಂದು ಹೆಂಚಿನ ಮನೆ, ಒಂದೆರಡು ಹೊಲಿಗೆ ಯಂತ್ರ, ಸುತ್ತ ಕೂತು ಹೊಲಿಯುವ ಕೆಲವು ಮನೆಗಳ ಗಂಡಸರು ಹೆಂಗಸರು. ರಾಚಯ್ಯ ಅಣ್ಣ, ನಂಜುಂಡಯ್ಯ ತಮ್ಮ. ಇಬ್ಬರಿಗೂ ಮಾತು ನಿಂತು ಐದಾರು ವರ್ಷ ಆಗಿತ್ತು.

ನಾನು ರಾಚಯ್ಯನವರ ಮನೆಗೆ ಮೊದಲು ಹೋದ ದಿನ ನನ್ನ ಜೊತೆ ಬಂದ ಗುಮಾಸ್ತರು ಹೊಸ್ತಿಲಾಚೆಯೇ ನಿಂತರು. ಚರ್ಮದ ಕೆಲಸದವರ ಮನೆ ಎಂಬ ಕಾರಣ ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ರಾಚಯ್ಯ ಒಂದು ಕುರ್ಚಿ ತಂದು ಅಂಗಳದಲ್ಲಿ ಹಾಕಿದರು. ನಾನು ಅದನ್ನು ಎತ್ತಿಕೊಂಡು ಒಳಗೆ ಹೋಗಿ ಕೂತೆ. ಮಾತೇ ಕಡಿಮೆ ರಾಚಯ್ಯನವರದು. ಕೈಯಲ್ಲಿದ್ದ ಬೂಟನ್ನು ನನ್ನ ಮುಂದಿಟ್ಟು, ನೋಡಿ ಎಂಬಂತೆ ತಲೆಯಾಡಿಸಿದರು. ಹೊಲಿಗೆ ಒಂದೊಂದೂ ಜೋಳದ ಕಾಳು ಪೋಣಿಸಿದ ಹಾಗಿತ್ತು.

ಆ ವರ್ಷ ಈ ಭಾಗದ ಹೈಸ್ಕೂಲುಗಳಿಗೆಲ್ಲ ಒಟ್ಟಾಗಿ ಆಟದ ಷೂ ಕೊಳ್ಳುವುದೆಂದು ತೀರ್ಮಾನವಾಗಿತ್ತು. ಸ್ಥಳೀಯರ ಮಾಲು ಚೆನ್ನಾಗಿದ್ದರೆ ಅವರಿಗೇ ಆರ್ಡರು. ಚೆನ್ನಾಗಿದೆ ಎಂದು ಬರೆದುಕೊಡಬೇಕಾದವನು ನಾನು. ಇಲ್ಲದಿದ್ದರೆ ಹೊರಗಿನ ವ್ಯಾಪಾರಿಯೊಬ್ಬ ಸಿದ್ಧನಾಗಿದ್ದ. ಅದು ಕೈತಪ್ಪಿದರೆ ಎರಡೂ ಕಾರ್ಖಾನೆಗಳಿಗೆ ಉಳಿಗಾಲವಿಲ್ಲ, ಅವನ್ನೇ ನಂಬಿ ಹೊಲಿಯುವ ಮನೆಗಳ ಒಲೆಯೂ ಉರಿಯುವುದಿಲ್ಲ. ನಮ್ಮ ಬಿ.ಡಿ.ಓ. ಸಾಹೇಬರು ಸುಲಭದ ದಾರಿ ಹೇಳಿದರು: "ಅಣ್ಣ ತಮ್ಮ ತಾನೆ? ಇಬ್ಬರನ್ನೂ ಸೇರಿಸಿ ಒಂದು ಸಹಕಾರ ಸಂಘ ಮಾಡಿಬಿಡಿ. ಒಂದೇ ಮಾರ್ಕು, ಒಂದೇ ಆರ್ಡರು."

ನಾನೂ ಅದನ್ನೇ ಸರಿ ಎಂದುಕೊಂಡೆ. ಸಹಕಾರ ಸಂಘಗಳ ಕಾಲ ಅದು. ಬಸ್ ಹಿಡಿದು ಯಳಂದೂರಿಗೆ ಹೋದೆ. ನಂಜುಂಡಯ್ಯ ಅಣ್ಣನಿಗೆ ಪೂರ್ತಿ ತದ್ವಿರುದ್ಧ. ನಾನು ಕೂರುವ ಮೊದಲೇ ಕಾಫಿ ಬಂತು, ಕಾಫಿಗೆ ಮೊದಲೇ ಮಾತು. ಮೈಸೂರಿನ ಯಾವ ಶಾಲೆಯ ಮೇಷ್ಟ್ರು ಯಾವ ಬಣ್ಣದ ದಾರ ಇಷ್ಟಪಡುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಅಣ್ಣನ ಹೆಸರೆತ್ತಿದಾಗ ಮಾತ್ರ ಲೋಟ ಕೆಳಗಿಟ್ಟರು.

"ನೀವ್ ಕರುದ್ರೆ ಬತ್ತೀನಿ ಸಾ. ಅವ್ನೂ ಬರ್ಲಿ. ಆದ್ರೆ ನಾನೇ ಮೊದ್ಲು ಮಾತಾಡ್ಬೇಕು ಅಂತ ಮಾತ್ರ ಏಳ್ಬೇಡಿ."

ಮಧುವನಹಳ್ಳಿಯಲ್ಲಿ ಇವರಿಬ್ಬರ ನಡುವೆ ಹುಟ್ಟಿದ ಹೆಣ್ಣುಮಗಳು ಇದ್ದರು, ದೇವಮ್ಮ ಎಂದು. ರಾಚಯ್ಯನಿಗೆ ತಂಗಿ, ನಂಜುಂಡಯ್ಯನಿಗೆ ಅಕ್ಕ. ಅವರ ಮನೆಯಲ್ಲೇ ಇಬ್ಬರನ್ನೂ ಕೂಡಿಸಿದೆ. ದೇವಮ್ಮ ಮುದ್ದೆ ಮಾಡಿ, ಅವರೆಕಾಳಿನ ಸಾರು ಮಾಡಿ ಎಲೆ ಹಾಕಿದರು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ನನಗೆ ಒಳಗೊಳಗೇ ಗೆದ್ದ ಭಾವ. ಕೈತೊಳೆದು ಬಂದ ಮೇಲೆ ಸಂಘದ ವಿಚಾರ ತೆಗೆದೆ. ಎರಡು ಮನೆ ಒಂದಾದರೆ ಎಷ್ಟು ಚೆಂದ ಎಂದು ಹೇಳುತ್ತಿದ್ದೆ. ರಾಚಯ್ಯ ಎದ್ದು ನಿಂತರು.

"ಬ್ಯಾರೆ ಏನಾರ ಏಳಿ ಸಾ, ಮಾಡ್ತೀನಿ," ಎಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟೇಹೋದರು. ನಂಜುಂಡಯ್ಯನವರು ಆ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ.

ದೇವಮ್ಮ ಎಲೆ ಎತ್ತುತ್ತ ನನಗೆ ಹಿಂದಿನದೆಲ್ಲ ಹೇಳಿದರು. ಅವರ ಅಪ್ಪ ಯುದ್ಧದ ಕಾಲದಲ್ಲಿ ಮದರಾಸಿನಲ್ಲಿ ಸಿಪಾಯಿಗಳ ಬೂಟು ಹೊಲಿದು, ಆ ಕೆಲಸ ಕಲಿತು ಬಂದವರು. ಊರಿಗೆ ಬಂದು ಕೊಯಮತ್ತೂರು ಕಡೆಯ ಶಾಲೆಗಳಿಗೆ ಫುಟ್‌ಬಾಲ್ ಬೂಟು ಹಾಕಿಕೊಡುತ್ತಿದ್ದರು. ತಾಲೂಕು ಮೈಸೂರಿಗೆ ಸೇರಿದ ಮೇಲೆ ಆ ಕಡೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ನಂಜುಂಡಯ್ಯ ಯಾರಿಗೂ ಹೇಳದೆ ಎರಡು ಜೊತೆ ಬೂಟು ಕಂಕುಳಲ್ಲಿಟ್ಟುಕೊಂಡು ಮೈಸೂರಿಗೆ ಹೋಗಿ ತಮ್ಮ ಹೆಸರಿನಲ್ಲೇ ಆರ್ಡರು ತಂದರು. ರಾಚಯ್ಯನಿಗೆ ಅದು ಕಳ್ಳತನ ಎನಿಸಿತು. ಜಗಳ ಬೆಳೆಯುತ್ತಿದ್ದಾಗಲೇ ಅಪ್ಪ ಹಾಸಿಗೆ ಹಿಡಿದಿದ್ದರು. ಬಂದವರೊಬ್ಬರ ಹತ್ತಿರ, ದೊಡ್ಡವನಿಗೆ ಕೈ ಕೊಟ್ಟ, ಚಿಕ್ಕವನಿಗೆ ಬಾಯಿ ಕೊಟ್ಟ ದೇವರು, ಎಂದರಂತೆ.

"ನಮ್ಮಪ್ಪ ಒಗುಳ್ದುದ್ದು ಸಾ. ಇಬ್ರುನ್ನೂ ಒಗುಳ್ದುದ್ದು," ಎಂದರು ದೇವಮ್ಮ. "ದೊಡ್ಡೋನ್ಗೆ ಮಾತ್ ಬರಲ್ಲ ಅಂದಂಗಾಯ್ತು, ಚಿಕ್ಕೋನ್ಗೆ ಕೆಲ್ಸ ಬರಲ್ಲ ಅಂದಂಗಾಯ್ತು. ಇಬ್ರೂ ಉರ್ಕಂಡ್ರು." ಎಲೆ ಹೊರಗೆ ಹಾಕಿ ಬಂದು, "ನಿಮ್ಮಂಗೆ ಕೂಡುಸ್ತೀನಿ ಅಂತ ಬಂದೋರ್ನ ಬೋ ಜನ ನೋಡಿವ್ನಿ. ಭಾಗ ಮಾಡುದ್ ದಿನ ನೆಟ್ಟುಗ್ ಭಾಗ ಮಾಡೋರ್ ಒಬ್ರೂ ಬರ್ನಿಲ್ಲ," ಎಂದರು.

ಆ ಕೊನೆಯ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಅದರ ಸುಳಿವು ಸಿಕ್ಕಿದ್ದು ಹನೂರಿನಲ್ಲಿ. ಅಲ್ಲಿ ಒಂದು ಫುಟ್‌ಬಾಲ್ ಪಂದ್ಯವಿತ್ತು. ಷೂಗಳನ್ನು ಮೈದಾನದಲ್ಲೇ ನೋಡೋಣವೆಂದು ಹೋದೆ. ಕೊಳ್ಳೇಗಾಲದ ನೇಕಾರರ ತಂಡ ಆಡುತ್ತಿತ್ತು. ಓಡುವ ಕಾಲುಗಳನ್ನೇ ನೋಡುತ್ತ ಕೂತವನಿಗೆ ಮೊದಲು ಕಣ್ಣು ಮಂಜಾಯಿತೇನೋ ಅನ್ನಿಸಿತು. ಒಬ್ಬ ಆಟಗಾರನ ಎಡಗಾಲಿನಲ್ಲಿ ಜಿಂಕೆ, ಬಲಗಾಲಿನಲ್ಲಿ ಗರುಡ. ಇನ್ನೊಬ್ಬನಿಗೂ ಹಾಗೆಯೇ. ಗೋಲಿನಲ್ಲಿ ನಿಂತವನಿಗೆ ಮಾತ್ರ ಅದೇ ತಿರುವುಮುರುವು. ಅವನು ಕುಂಟುತ್ತಿದ್ದ. ಬಿಡುವಿನಲ್ಲಿ ತಂಡದ ನಾಯಕ ಗೋವಿಂದರಾಜುವನ್ನು ಕರೆದು ಕೇಳಿದೆ.

"ಜಿಂಕೇದು ಬಲಗಾಲು ಕಚ್ತದೆ ಸಾ, ಗರುಡಂದು ಎಡಗಾಲು ಕಚ್ತದೆ," ಎಂದ ಅವನು, ಲೋಕಕ್ಕೆಲ್ಲ ಗೊತ್ತಿರುವ ವಿಷಯ ಎಂಬಂತೆ. "ಅದ್ಕೆ ಇಬ್ರಿಬ್ರು ಸೇರ್ಕಂಡು ಅದೊಂದ್ ಜೊತೆ ಇದೊಂದ್ ಜೊತೆ ತಕಂಡು ಬದ್ಲಾಯ್ಸ್ಕತೀವಿ."

"ಹಾಗಾದರೆ ಕಚ್ಚುವ ಎರಡೂ ಉಳಿಯುತ್ತವಲ್ಲ?"

"ಅದ್ನ ಗೋಲಿಗೆ ಕೊಡ್ತೀವಿ. ಅವ್ನು ಓಡಂಗಿಲ್ವಲ್ಲ!"

ಪಾಪ, ಗೋಲಿಯ ಹುಡುಗ ನನ್ನನ್ನು ನೋಡಿ ಹಲ್ಲುಬಿಟ್ಟ. ನಾನೂ ನಕ್ಕೆ. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ನಗು ಬರಲಿಲ್ಲ. ಇಂಥ ಷೂಗಳಿಗೆ ಚೆನ್ನಾಗಿವೆ ಎಂದು ನಾನು ಹೇಗೆ ಬರೆದುಕೊಡಲಿ?

ಮಾರನೆಯ ದಿನವೇ ರಾಚಯ್ಯನವರ ಮನೆಗೆ ಹೋಗಿ, ನಿಮ್ಮ ಅಚ್ಚುಗಳನ್ನು ತೋರಿಸಿ ಎಂದೆ. ಷೂ ಹೊಲಿಯುವವರಿಗೆ ಅಚ್ಚೇ ಜೀವ. ಕಾಲಿನ ಆಕಾರದಲ್ಲಿ ಕೆತ್ತಿದ ಮರದ ತುಂಡು ಅದು. ಇಂಗ್ಲಿಷಿನಲ್ಲಿ ಲಾಸ್ಟ್ ಎನ್ನುತ್ತಾರೆ. ಅದರ ಮೇಲೆ ಚರ್ಮವನ್ನು ಎಳೆದು ಬಿಗಿದು, ಕೆಳಗೆ ಅಟ್ಟೆ ಹೊಡೆಯುತ್ತಾರೆ. ಅಚ್ಚು ಹೇಗೋ ಷೂ ಹಾಗೆ. ರಾಚಯ್ಯ ಗೋಡೆಯ ಹಲಗೆಯ ಮೇಲಿದ್ದ ಬಟ್ಟೆ ಸರಿಸಿದರು. ಹಳೆಯ, ಕೈ ಸವರಿ ಸವರಿ ನುಣುಪಾದ ಅಚ್ಚುಗಳು ಸಾಲಾಗಿದ್ದವು. ಎಲ್ಲವೂ ಎಡಗಾಲಿನವು. ಅವುಗಳ ಪಕ್ಕದಲ್ಲಿ ಬೇರೆ ಮರದ, ಒರಟಾದ ಬಲಗಾಲುಗಳು.

"ಎಡಗಾಲು ನಮ್ಮಪ್ಪ ಕೆತ್ತುದ್ದು," ಎಂದರು ರಾಚಯ್ಯ. "ಬಲಗಾಲು ಬಡಗಿ ಕೆತ್ತುದ್ದು."

ಭಾಗವಾದ ದಿನ ಎಲ್ಲ ಹಂಚಿ ಅಚ್ಚುಗಳಿಗೆ ಬಂದಾಗ ತಕರಾರು ಬಿತ್ತಂತೆ. ಒಂದು ಅಳತೆಗೆ ಇದ್ದುದು ಒಂದೇ ಜೊತೆ. ಆರನೇ ನಂಬರು ಅಣ್ಣನಿಗೆ ಹೋದರೆ ತಮ್ಮನಿಗೆ ಆರಿಲ್ಲ, ಏಳು ತಮ್ಮನಿಗೆ ಹೋದರೆ ಅಣ್ಣನಿಗೆ ಏಳಿಲ್ಲ. ಯಾವ ಅಳತೆಯನ್ನೂ ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ. ಪಂಚಾಯ್ತಿಗೆ ಕೂತಿದ್ದ ಹಿರಿಯರು ಹುಟ್ಟಿದಾಗಿನಿಂದ ಷೂ ಹಾಕಿದವರಲ್ಲ. ಅಳತೆಗೊಂದೊಂದರಂತೆ ಇಬ್ಬರೂ ತಗೊಳ್ಳಿ, ಸರಿಸಮ ಆಯ್ತಲ್ಲ ಎಂದರು. ಹಟದಲ್ಲಿ ಇಬ್ಬರೂ ಒಪ್ಪಿದರು. ಅಣ್ಣನಿಗೆ ಎಡ, ತಮ್ಮನಿಗೆ ಬಲ. ಉಳಿದ ಕಾಲನ್ನು ಇಬ್ಬರೂ ಬಡಗಿಗಳಿಂದ ಅಂದಾಜಿನ ಮೇಲೆ ಕೆತ್ತಿಸಿಕೊಂಡಿದ್ದರು.

ದೇವಮ್ಮ ಹೇಳಿದ್ದು ಈಗ ತಲೆಗೆ ಹೋಯಿತು. ಇವರನ್ನು ಕೂಡಿಸುವ ಮಾತನ್ನೇ ನಾನು ಬಿಟ್ಟೆ. ನನ್ನ ಸಹಪಾಠಿಯೊಬ್ಬ ಬೆಂಗಳೂರಿನ ಒಂದು ಪಾದರಕ್ಷೆ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದ. ಅಲ್ಲಿ ಅಚ್ಚು ಕೊರೆಯುವ ಲೇಥ್ ಯಂತ್ರವಿತ್ತು. ಅದರ ಒಂದು ಕಡೆ ಎಡಗಾಲಿನ ಅಚ್ಚನ್ನು ಕಟ್ಟಿ ತಿರುಗಿಸಿದರೆ, ಇನ್ನೊಂದು ಕಡೆ ಮರದ ತುಂಡಿನಿಂದ ಕನ್ನಡಿಯಲ್ಲಿ ಕಂಡಂತೆ ಬಲಗಾಲು ಹೊರಬರುತ್ತದೆ. ವಿದ್ಯಾರ್ಥಿಗಳಿಗೆ ರಜೆ ಇದ್ದಾಗ ಎರಡು ದಿನ ಯಂತ್ರ ಬಿಟ್ಟುಕೊಡಲು ಅವನು ಕೇಂದ್ರದವರನ್ನು ಒಪ್ಪಿಸಿದ.

"ಅವರ ಅಚ್ಚು ನಿಮಗೆ ಬೇಡ, ನಿಮ್ಮದು ಅವರಿಗೆ ಬೇಡ. ಇಬ್ಬರಿಗೂ ಎರಡೆರಡು ಕಾಲು," ಎಂದು ರಾಚಯ್ಯನವರಿಗೆ ಹೇಳಿದೆ.

"ನಮ್ಮಪ್ಪನ್ ಅಚ್ಚ ನಾನ್ ಕಳ್ಸಲ್ಲ. ಜೊತೇಲಿ ನಾನೂ ಬತ್ತೀನಿ," ಎಂದರು. ಯಳಂದೂರಿನಲ್ಲಿ ನಂಜುಂಡಯ್ಯನವರೂ ಇದೇ ಮಾತನ್ನು ಇನ್ನಷ್ಟು ಉದ್ದವಾಗಿ ಹೇಳಿದರು.

ಹೀಗೆ ಒಂದೇ ಬಸ್ಸಿನಲ್ಲಿ ಹೊರಟೆವು. ಅಣ್ಣ ಮುಂದಿನ ಸೀಟಿನಲ್ಲಿ ಕಾಲ ಬಳಿ ಗೋಣಿಚೀಲ ಇಟ್ಟುಕೊಂಡು, ತಮ್ಮ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು, ನಾನು ನಡುವೆ. ಕಂಡಕ್ಟರು ಚೀಲದಲ್ಲೇನು ಎಂದು ಕೇಳಿದ್ದಕ್ಕೆ ನಂಜುಂಡಯ್ಯ "ಕಾಲು" ಎಂದರು. ಬಸ್ಸೆಲ್ಲ ನಕ್ಕಿತು. ರಾಚಯ್ಯನವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು, ಆದರೆ ಭುಜ ಅಲುಗಿದ್ದನ್ನು ನಾನು ನೋಡಿದೆ.

ಮೊದಲ ಸರದಿ ರಾಚಯ್ಯನವರದು. ಯಂತ್ರ ನಡೆಸುವಾತ ಒಂದೊಂದೇ ಅಚ್ಚು ಕೇಳಿ ತೆಗೆದುಕೊಳ್ಳುತ್ತಿದ್ದ. ಮರದ ಚೂರು ಹಾರಿ, ಅಪ್ಪ ಕೆತ್ತಿದ ಎಡಗಾಲಿಗೆ ಸರಿಜೋಡಿಯಾದ ಬಲಗಾಲು ಹುಟ್ಟಿಬರುವುದನ್ನು ಅಣ್ಣ ತಮ್ಮ ಇಬ್ಬರೂ ಯಂತ್ರದ ಎರಡು ಬದಿಗೆ ನಿಂತು ಎವೆಯಿಕ್ಕದೆ ನೋಡುತ್ತಿದ್ದರು. ಆರನೇ ನಂಬರಿಗೆ ಬಂದಾಗ ರಾಚಯ್ಯ ತಡವರಿಸಿದರು. ಚೀಲದ ತಳದಿಂದ ಹೊರಬಂದ ಅಚ್ಚು ಗೆದ್ದಲು ತಿಂದು ಟೊಳ್ಳಾಗಿತ್ತು. ಬಿರುಕಿಗೆ ಚರ್ಮದ ಪಟ್ಟಿ ಸುತ್ತಿ ಹೇಗೋ ಕೆಲಸ ನಡೆಸಿದ್ದರು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಅಳತೆ ಅದು.

"ಇದು ಯಂತ್ರಕ್ಕೆ ಕೊಟ್ಟರೆ ಪುಡಿಯಾಗುತ್ತದೆ," ಎಂದ ಯಂತ್ರದವನು. "ಬೇರೆ ಆರು ಇಲ್ಲವೆ?"

ಇದ್ದುದು ಒಂದೇ, ತಮ್ಮನ ಚೀಲದಲ್ಲಿದ್ದ ಬಲಗಾಲಿನ ಆರು. ಅದೊಂದರಿಂದಲೇ ಯಂತ್ರ ಎರಡೂ ಕಾಲು ಕೊರೆದುಕೊಡುತ್ತಿತ್ತು. ಎಲ್ಲರಿಗೂ ಗೊತ್ತು. ರಾಚಯ್ಯನವರ ಮುಖ ಕಪ್ಪಿಟ್ಟಿತು. ನಂಜುಂಡಯ್ಯ ಬಗ್ಗಿ ತಮ್ಮ ಚೀಲ ಬಿಚ್ಚಿದರು. ಕೈಯಾಡಿಸಿ ಒಂದು ಅಚ್ಚು ತೆಗೆದು ಯಂತ್ರದ ಪಕ್ಕದ ಹಲಗೆಯ ಮೇಲಿಟ್ಟರು.

ರಾಚಯ್ಯ ಅದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಬೆನ್ನು ಸವರಿದರು.

"ಇದು ಏಳು ಕಣ್ಲಾ," ಎಂದರು. "ಆರು ಕೊಡು."

ಐದಾರು ವರ್ಷಗಳ ಮೇಲೆ ಅಣ್ಣ ತಮ್ಮನ ಜೊತೆ ಆಡಿದ ಮೊದಲ ಮಾತು ಅದು. ನಂಜುಂಡಯ್ಯ ಮತ್ತೆ ಬಗ್ಗಿದರು. ಸರಿಯಾದ ಅಚ್ಚು ಹುಡುಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಚೀಲದೊಳಗೆ ತಲೆಯಿಟ್ಟುಕೊಂಡಿದ್ದರು. ಎದ್ದಾಗ ಕಣ್ಣು ಕೆಂಪಾಗಿತ್ತು. ಮರದ ಪುಡಿ ಎಂದರು. ಸಂಜೆಯ ಹೊತ್ತಿಗೆ ಇಬ್ಬರೂ ನನ್ನನ್ನು ಮರೆತು, ಯಾವ ಅಳತೆಯ ಹಿಮ್ಮಡಿಯನ್ನು ಅಪ್ಪ ಯಾಕೆ ಕಿರಿದು ಮಾಡಿದ್ದ ಎಂದು ವಾದಕ್ಕಿಳಿದಿದ್ದರು.

ಆ ಸಲದ ಆರ್ಡರನ್ನು ಎರಡು ಪಾಲು ಮಾಡಿ ಇಬ್ಬರಿಗೂ ಕೊಟ್ಟರು. ಎರಡೂ ಚೆನ್ನಾಗಿವೆ ಎಂದು ನಾನು ಧೈರ್ಯವಾಗಿ ಬರೆದುಕೊಟ್ಟೆ. ಸಹಕಾರ ಸಂಘ ಏನಾಯಿತು ಎಂದು ಸಾಹೇಬರು ಕೇಳಿದರು. ಆಗಲಿಲ್ಲ ಸಾರ್, ಇಬ್ಬರೂ ಬೇರೆಬೇರೆಯಾಗಿಯೇ ಚೆನ್ನಾಗಿದ್ದಾರೆ ಎಂದೆ. ಅವರಿಗೆ ಅಷ್ಟು ಸಮಾಧಾನವಾಗಲಿಲ್ಲ. ನನಗಾಗಿತ್ತು.

ವರ್ಗವಾಗಿ ಹೋದ ಮೇಲೆ ಎಪ್ಪತ್ತರ ದಶಕದಲ್ಲಿ ಒಮ್ಮೆ ಆ ಕಡೆ ಹೋಗಿದ್ದೆ. ಅಷ್ಟರಲ್ಲಿ ದೊಡ್ಡ ಕಂಪನಿಗಳ ಅಗ್ಗದ ಕ್ಯಾನ್ವಾಸ್ ಷೂಗಳು ಎಲ್ಲ ಊರಿನ ಅಂಗಡಿಗೂ ಬಂದಿದ್ದವು. ರಾಚಯ್ಯನವರು ಕಾಮಗೆರೆಯ ಆಸ್ಪತ್ರೆಗೆ ಬರುವ, ಕಾಲು ಊನವಾದವರಿಗೆ ಅಳತೆ ತೆಗೆದು ಷೂ ಮಾಡಿಕೊಡುವುದನ್ನು ಹಿಡಿದಿದ್ದರು. ನಂಜುಂಡಯ್ಯನವರ ಅಂಗಡಿ ಯಳಂದೂರಿನಲ್ಲಿ ಇನ್ನೂ ದೊಡ್ಡದಾಗಿತ್ತು. ನಾನು ಕೂತಿದ್ದಾಗಲೇ ಒಬ್ಬಾತ ಕುಂಟುವ ಮಗಳನ್ನು ಕರೆದುಕೊಂಡು ಬಂದ. "ಇದು ನನ್ ಕೈಲಾಗಲ್ಲ, ಕೊಳ್ಳೇಗಾಲುಕ್ ಓಗಿ, ನಮ್ಮಣ್ಣ ಮಾಡ್ಕೊಡ್ತಾನೆ," ಎಂದು ನಂಜುಂಡಯ್ಯನವರು ದಾರಿ ಹೇಳಿ ಬಸ್ಸು ಹತ್ತಿಸಿದರು. ಅದೇ ಸಂಜೆ ರಾಚಯ್ಯನವರನ್ನು ಕಂಡು ಈ ಮಾತು ಹೇಳಿದೆ. "ಊಂ," ಎಂದರು. ಆಮೇಲೆ, "ಅವ್ನ್ ಒಲ್ಗೆ ಮಾತ್ರ ಇನ್ನೂ ಸಡ್ಲ ಸಾ," ಎಂದರು.

ಜಿಂಕೆಯ, ಗರುಡನ ಬೋರ್ಡುಗಳೆರಡೂ ಕೊನೆಯವರೆಗೆ ಬೇರೆಬೇರೆಯಾಗಿಯೇ ಇದ್ದವು. ಮುಂದೆ ಎಷ್ಟೋ ತಾಲೂಕುಗಳಲ್ಲಿ ಇಂಥ ಜಗಳಗಳ ನಡುವೆ ಕೂತು ಏಳುವಾಗ ಈ ಪ್ರಕರಣವೇ ನನಗೆ ದಾರಿ ತೋರಿಸಿತು. ಜಗಳವಾಡಿದವರನ್ನು ಕಂಡರೆ ಒಂದು ಮಾಡುವ ಆತುರ ನಮಗೆ. ಅದಕ್ಕಿಂತ ಮೊದಲು, ಒಬ್ಬರು ಇನ್ನೊಬ್ಬರ ಮುಂದೆ ಕೈಚಾಚದೆ ನಿಲ್ಲುವಷ್ಟು ಅನುಕೂಲವನ್ನು ಇಬ್ಬರಿಗೂ ಮಾಡಿಕೊಟ್ಟರೆ ಅಧಿಕಾರಿಯ ಕೆಲಸ ಮುಗಿಯಿತು. ಆಮೇಲೆ ಅವರ ನಡುವೆ ಮಾತು ಬಂದರೆ ಅದು ಅವರ ಸ್ವಂತ ಸಂಪಾದನೆ. ನಾವು ನಮ್ಮ ಸಾಧನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು.